ಹದಿಹರೆಯದವರಿಗೆಂದೇ ಇರುವ ಕ್ಲಿನಿಕ್: ಒಬ್ಬ ತಾಯಿಯ ವಿಮರ್ಶೆ

ಮಕ್ಕಳ ವೈದ್ಯರಿರುವಾಗ ಹದಿಹರೆಯದವರಿಗೆ ಪ್ರತ್ಯೇಕ ಕ್ಲಿನಿಕ್ ಏಕೆ ಬೇಕು ಎಂದು ಕೇಳುವವರಿದ್ದಾರೆ. ಹದಿನೈದರ ಮಗಳನ್ನು ಕೆಲವು ತಿಂಗಳುಗಳಿಂದ ಅಂಥದೊಂದು ಕ್ಲಿನಿಕ್ಕಿಗೆ ಕರೆದೊಯ್ಯುತ್ತಿರುವ ನಾನು ಬೇಕೇ ಬೇಕು ಎನ್ನುತ್ತೇನೆ. ರಾತ್ರಿ ನಿದ್ದೆಯಿಲ್ಲ, ಬೆಳಗಾದರೆ ಹೊಟ್ಟೆನೋವು, ಯಾವ ತಪಾಸಣೆಯಲ್ಲೂ ಕಾಯಿಲೆ ಪತ್ತೆಯಾಗಲಿಲ್ಲ ಎಂಬ ಸ್ಥಿತಿಯಲ್ಲಿ ನಾವು ಅಲ್ಲಿಗೆ ಹೋದೆವು.

ಈ ಸೇವೆಯ ನಿಜವಾದ ಬೆಲೆ ಗೌಪ್ಯತೆಯಲ್ಲಿದೆ. ವೈದ್ಯೆ ಮೊದಲು ಮಾತನಾಡಿಸಿದ್ದು ಮಗಳನ್ನು, ನನ್ನನ್ನಲ್ಲ. “ನೀನು ಹೇಳಿದ್ದನ್ನು ಅಮ್ಮನಿಗೂ ಹೇಳುವುದಿಲ್ಲ. ಆದರೆ ನಿನ್ನ ಜೀವಕ್ಕೆ ಅಪಾಯವಿದೆ ಎನಿಸಿದರೆ, ಇಲ್ಲವೇ ಯಾರಾದರೂ ನಿನಗೆ ಹಿಂಸೆ ಕೊಡುತ್ತಿದ್ದಾರೆಂದು ತಿಳಿದರೆ, ನಿನಗೆ ತಿಳಿಸಿಯೇ ಹೇಳಬೇಕಾದವರಿಗೆ ಹೇಳುತ್ತೇನೆ” ಎಂದು ನನ್ನೆದುರಿಗೇ ಸ್ಪಷ್ಟಪಡಿಸಿ, ಅನಂತರ ನನ್ನನ್ನು ಹೊರಗೆ ಕೂರಲು ಕೇಳಿಕೊಂಡರು. ಒಳಗೆ ನಡೆದ ಮಾತು ನನಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಮನೆ, ಶಾಲೆ, ಗೆಳೆತನಗಳಿಂದ ಆರಂಭಿಸಿ, ನಂಬಿಕೆ ಕುದುರಿದ ಮೇಲಷ್ಟೇ ಮಾದಕ ವಸ್ತು, ಲೈಂಗಿಕತೆ, ಸಾಯುವ ಯೋಚನೆಗಳ ಬಗ್ಗೆ ಕೇಳುವುದು ಅಲ್ಲಿನ ಕ್ರಮವೆಂದು ವೈದ್ಯೆ ನನಗೆ ಆಮೇಲೆ ವಿವರಿಸಿದರು. ಆತ್ಮಹತ್ಯೆಯ ಕುರಿತು ನೇರವಾಗಿ ಕೇಳಿದರೆ ಇಲ್ಲದ ಯೋಚನೆ ಮಗುವಿನ ತಲೆಗೆ ಬಂದೀತು ಎಂಬ ಭಯಕ್ಕೆ ಆಧಾರವಿಲ್ಲ ಎಂಬುದನ್ನೂ ಅವರಿಂದಲೇ ಕೇಳಿ ತಿಳಿದುಕೊಂಡೆ.

ನಿದ್ದೆಯ ವಿಷಯದಲ್ಲಿ ಸಿಕ್ಕ ಸಲಹೆ ಮನೆಯ ಜಗಳವನ್ನೇ ನಿಲ್ಲಿಸಿತು. ಪ್ರಾಯಕ್ಕೆ ಬರುವಾಗ, ನಿದ್ದೆಯ ಹೊತ್ತಾಯಿತೆಂದು ದೇಹಕ್ಕೆ ತಿಳಿಸುವ ಮೆಲಟೋನಿನ್ ಎಂಬ ಹಾರ್ಮೋನು ಸ್ರವಿಸುವ ಹೊತ್ತು ಮುಂದಕ್ಕೆ ಹೋಗುವುದರಿಂದ ಈ ವಯಸ್ಸಿನವರಿಗೆ ರಾತ್ರಿ ಬೇಗ ನಿದ್ದೆ ಹತ್ತುವುದಿಲ್ಲ. ಆದರೂ 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಇದನ್ನು ಸೋಮಾರಿತನವೆಂದು ಬೈಯದೆ, ರಜೆಯ ದಿನವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಏಳುವುದು, ಎದ್ದೊಡನೆ ಬೆಳಕಿಗೆ ಬರುವುದು, ಮೊಬೈಲನ್ನು ಮಲಗುವ ಕೋಣೆಯಿಂದ ಹೊರಗಿಡುವುದು ಎಂಬ ಮೂರನ್ನೇ ಆಪ್ತಸಮಾಲೋಚಕಿ ಸೂಚಿಸಿದರು. ಮೊಬೈಲ್ ನಿಯಮ ನಮಗೂ ಅನ್ವಯಿಸಬೇಕೆಂದು ಮಗಳು ಕೇಳಿದಳು. ಅದು ನ್ಯಾಯವೇ ಆಗಿತ್ತು.

ಕೊರತೆಗಳನ್ನು ಮುಚ್ಚಿಡಲಾರೆ. ಕಳೆದ ಎರಡು ವಾರಗಳ ಮನಃಸ್ಥಿತಿಯನ್ನು ಅಳೆಯುವ ಒಂಬತ್ತು ಪ್ರಶ್ನೆಗಳ ಹಾಳೆಯನ್ನು ಮಗಳು ಕಾಯುವ ಹಜಾರದಲ್ಲಿ, ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತು ತುಂಬಬೇಕಾಯಿತು. ಒಂಬತ್ತನೆಯ ಪ್ರಶ್ನೆ ಸತ್ತರೆ ಚೆನ್ನಾಗಿತ್ತು ಎನಿಸಿದೆಯೇ, ತನಗೆ ತಾನೇ ನೋವು ಮಾಡಿಕೊಳ್ಳುವ ಯೋಚನೆ ಬಂದಿದೆಯೇ ಎಂಬುದು. ಅಲ್ಲಿಗೆ ಬಂದಾಗ ಅವಳು ಹಾಳೆಯನ್ನು ಅಂಗೈಯಿಂದ ಮರೆಮಾಡಿಕೊಂಡಳು, ನಾನು ಎದ್ದು ಕಿಟಕಿಯ ಬಳಿಗೆ ಹೋದೆ. ಒಳಗಿನ ಕೋಣೆಯಲ್ಲಿ ಅಷ್ಟು ಜತನದಿಂದ ಕಾಯುವ ಗೌಪ್ಯತೆ ಹೊರಗೆ ಹೀಗೆ ಸೋರಿಹೋಗುವುದು ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಏಡ್ಸ್ ಕಾರ್ಯಕ್ರಮವಾದ ಯುಎನ್‌ಏಡ್ಸ್ 2015ರಲ್ಲಿ ಪ್ರಕಟಿಸಿದ ಎಂಟು ಮಾನದಂಡಗಳು ಹದಿಹರೆಯದವರ ಸೇವೆಯಲ್ಲಿ ಗೌಪ್ಯತೆಯನ್ನೂ, ಸೇವೆಯನ್ನು ರೂಪಿಸುವುದರಲ್ಲಿ ಅವರ ಪಾಲ್ಗೊಳ್ಳುವಿಕೆಯನ್ನೂ ಕೇಳುತ್ತವೆ. ಇಲ್ಲಿಗೆ ಬರುವ ಮಕ್ಕಳನ್ನೇ ಒಮ್ಮೆ ವಿಚಾರಿಸಿದ್ದರೆ ಆ ಹಾಳೆಗೊಂದು ಮರೆಯ ಮೂಲೆ ಎಂದೋ ಸಿಕ್ಕಿರುತ್ತಿತ್ತು.

ಭೇಟಿಯ ಸಮಯವೂ ಶಾಲೆಯ ಹೊತ್ತಿನಲ್ಲೇ ಬರುತ್ತದೆ, ಪ್ರತಿ ಸಲ ರಜೆಗೆ ಕಾರಣ ಹೇಳುವುದು ಮಗಳಿಗೆ ಮುಜುಗರ. ಇಷ್ಟಿದ್ದರೂ ಮುಂದಿನ ಭೇಟಿಯ ದಿನವನ್ನು ಈಗ ಅವಳೇ ನೆನಪಿಸುತ್ತಾಳೆ, ಆದ್ದರಿಂದ ಈ ಕ್ಲಿನಿಕ್ಕಿಗೆ ಹೋಗುವುದನ್ನು ಮುಂದುವರಿಸಿದ್ದೇವೆ.