ಸ್ಯೂಡೋಮೊನಾಸ್ ಕೂತ ಎದೆಗೆ ಯಾವ ಮಿಷನ್, ಎಷ್ಟು ಉಪ್ಪುನೀರು, ಹೇಗೆ ಕುದಿಸೋದು: ಒಂದು ಹೋಲಿಕೆ

ಟಿಬಿ ವಾಸಿಯಾಗಿ ಎಷ್ಟೋ ವರ್ಷವಾದರೂ ಬೆಳಗಾದರೆ ಹಸಿರು ಕಫ ಉಗುಳುತ್ತಲೇ ಇರುವವರು ನಮ್ಮ ರಾಯಚೂರು, ಬಳ್ಳಾರಿ, ಕೊಪ್ಪಳದ ಕಡೆ ಹೊಸಬರಲ್ಲ. ಇವರಲ್ಲಿ ಹಲವರ ಕಾಯಿಲೆ ಬ್ರಾಂಕಿಯೆಕ್ಟಾಸಿಸ್. ಶ್ವಾಸನಾಳಗಳು ಒಮ್ಮೆ ಹಿಗ್ಗಿದರೆ ಮತ್ತೆ ಮೊದಲಿನಂತಾಗುವುದಿಲ್ಲ, ಅಲ್ಲೇ ಕಫ ನಿಂತು ಕೊಳೆಯುತ್ತದೆ. 2019ರಲ್ಲಿ ಪ್ರಕಟವಾದ ಭಾರತದ 2,195 ರೋಗಿಗಳ ಅಧ್ಯಯನದಲ್ಲಿ ಶೇ 35.5 ಮಂದಿಗೆ ಹಳೆಯ ಟಿಬಿಯೇ ಮೂಲವಾಗಿತ್ತು. ಕಫದಲ್ಲಿ ಹೆಚ್ಚಾಗಿ ಸಿಕ್ಕ ಬ್ಯಾಕ್ಟೀರಿಯಾ ಸ್ಯೂಡೋಮೊನಾಸ್. ಅದು ತನ್ನ ಸುತ್ತ ಲೋಳೆಯ ಪದರ ಕಟ್ಟಿಕೊಂಡು ಕೂರುತ್ತದೆ. ನುಂಗುವ ಔಷಧಿಗಳಲ್ಲಿ ಅದಕ್ಕೆ ತಾಗುವುದು ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್ ಗುಂಪು ಮಾತ್ರ. ಹಾಗಾಗಿ ದಿನಾ ಕಫ ಹೊರಹಾಕುವುದೇ ಚಿಕಿತ್ಸೆಯ ದೊಡ್ಡ ಪಾಲು. ಅದಕ್ಕೆ ಬೇಕಾದ ಸಲಕರಣೆಗಳನ್ನು ಇಲ್ಲಿ ಮೂರು ಪ್ರಶ್ನೆ ಇಟ್ಟುಕೊಂಡು ಹೋಲಿಸಿದ್ದೇವೆ: ಕುದಿಸಲು ಬರುತ್ತದೆಯೇ, ಪೂರ್ತಿ ಒಣಗುತ್ತದೆಯೇ, ಕೆಟ್ಟರೆ ಬಿಡಿಭಾಗ ಊರಲ್ಲೇ ಸಿಗುತ್ತದೆಯೇ.

ಕಂಪ್ರೆಸರ್ ಮತ್ತು ಮೆಶ್

ನೆಬುಲೈಜರ್ ಅಂದರೆ ದ್ರವ ಔಷಧಿಯನ್ನು ಉಸಿರಿನಲ್ಲಿ ಎಳೆದುಕೊಳ್ಳುವ ಹಬೆಯಾಗಿಸುವ ಮಿಷನ್. ಕಂಪ್ರೆಸರ್ ಇದನ್ನು ಗಾಳಿಯ ಒತ್ತಡದಿಂದ ಮಾಡುತ್ತದೆ, ಮೆಶ್ ನಡುಗುವ ಜಾಲರಿಯಿಂದ. ಕಾಗದದ ಮೇಲೆ ನೋಡಿದರೆ ಮೆಶ್ ನೆಬುಲೈಜರ್ ಗೆಲ್ಲಬೇಕು. ಜೇಬಲ್ಲಿ ಹಿಡಿಯುತ್ತದೆ, ಸದ್ದಿಲ್ಲ, ಬ್ಯಾಟರಿ ಮೇಲೆ ಓಡುತ್ತದೆ. ಕಂಪ್ರೆಸರ್ ಮಿಷನ್ 4 ಮಿ.ಲೀ. ಔಷಧಿಗೆ 10ರಿಂದ 15 ನಿಮಿಷ ತೆಗೆದುಕೊಂಡರೆ, ಒಳ್ಳೆಯ ಮೆಶ್ ಸುಮಾರು ಅರ್ಧ ಹೊತ್ತಿನಲ್ಲಿ ಮುಗಿಸುತ್ತದೆ. ಕಂಪ್ರೆಸರ್‌ನ ಔಷಧಿ ಹಾಕುವ ಕಪ್ಪಿನ ತಳದಲ್ಲಿ 1 ಮಿ.ಲೀ. ಹತ್ತಿರ ಉಳಿದೇ ಹೋಗುತ್ತದೆ. ಮೆಶ್‌ನಲ್ಲಿ ಉಳಿಯುವುದು ಬಹಳ ಕಡಿಮೆ.

ಆದರೂ ಈ ಕಾಯಿಲೆಗೆ, ಈ ಊರುಗಳಿಗೆ ನಮ್ಮ ಮತ ಕಂಪ್ರೆಸರ್‌ಗೇ. ಮೆಶ್ ಅಂದರೆ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳ ತೆಳು ಬಿಲ್ಲೆ. ಕಫ ಸಡಿಲಿಸುವ ಶೇ 7ರ ಉಪ್ಪುನೀರು ಒಣಗಿದಾಗ ಅದರಲ್ಲಿ ಉಪ್ಪಿನ ಹರಳು ಕೂರುತ್ತದೆ, ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್ ಅಂಟಾಗಿ ಹಿಡಿಯುತ್ತದೆ, ಬೋರ್ ನೀರಲ್ಲಿ ತೊಳೆದರೆ ಬಿಳಿ ಗಸಿ ಕಟ್ಟುತ್ತದೆ. ಬ್ರಶ್ಶು, ಪಿನ್ನು ತಾಗಿಸಿದರೆ ಬಿಲ್ಲೆ ಹರಿಯಿತು. ಇದಕ್ಕಿಂತ ದೊಡ್ಡ ತೊಡಕು ಕುದಿಸುವುದರದ್ದು. ಅಗ್ಗದ ಪೋರ್ಟಬಲ್ ಮೆಶ್‌ಗಳಲ್ಲಿ ಬಿಲ್ಲೆಗೆ ವಿದ್ಯುತ್ ಸಂಪರ್ಕ ಅಂಟಿಕೊಂಡೇ ಇರುವುದರಿಂದ ಹಲವನ್ನು ಕುದಿಸಲು ಬರುವುದಿಲ್ಲ. ಸ್ಯೂಡೋಮೊನಾಸ್‌ಗೆ ಒದ್ದೆ ಜಾಗವೇ ಮನೆ. ಕುದಿಸಲಾಗದ ಕಪ್ಪು ಅದೇ ಹುಳುವನ್ನು ದಿನಾ ಎದೆಗೆ ವಾಪಸ್ ಕಳಿಸುವ ದಾರಿ. ಕುದಿಸಬಹುದಾದ ಮೆಶ್‌ಗಳೂ ಇವೆ, ಬೆಲೆ ಜಾಸ್ತಿ. ತಲೆಭಾಗ ಕೆಟ್ಟರೆ ಆನ್‌ಲೈನ್‌ನಲ್ಲಿ ತರಿಸಿ ಕಾಯಬೇಕು, ಅಷ್ಟು ದಿನ ಚಿಕಿತ್ಸೆ ನಿಂತಂತೆ. ಕಂಪ್ರೆಸರ್ ಕಿಟ್ ಆದರೆ ದೊಡ್ಡಾಸ್ಪತ್ರೆ ಮುಂದಿನ ಮೆಡಿಕಲ್ ಶಾಪಿನಲ್ಲಿ ಕೂಡಲೇ ಸಿಗುತ್ತದೆ. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಪ್ರಯಾಣವಿದ್ದಾಗ ಮೆಶ್ ಒಯ್ಯಿರಿ, ಉಸಿರುನಾಳ ಸಡಿಲಿಸುವ ಸಾಲ್ಬುಟಮಾಲ್‌ಗೆ ಮಾತ್ರ.

ಅಲ್ಟ್ರಾಸೋನಿಕ್ ಮಿಷನ್ ಬೇಡವೇ ಬೇಡ. ದ್ರವವನ್ನು ಬಿಸಿ ಮಾಡುತ್ತದೆ, ಬುಡೆಸೊನೈಡ್‌ನಂಥ ಗಸಿಯಿರುವ ಔಷಧಿಯನ್ನು ಸರಿಯಾಗಿ ಹಬೆ ಮಾಡುವುದಿಲ್ಲ.

ಕಂಪ್ರೆಸರ್ ಕೈಕೊಡುವುದು ನಾಲ್ಕು ಕಡೆ. ಮೊದಲನೆಯದು ಗಾಳಿ ಫಿಲ್ಟರ್. ತೋರಣಗಲ್ಲು, ಸಂಡೂರಿನ ಕೆಂಧೂಳು, ಶಕ್ತಿನಗರದ ಬೂದಿ, ಹತ್ತಿ ಜಿನ್ನಿಂಗ್ ಮಿಲ್ಲಿನ ನವಿರು, ಎಲ್ಲ ಅಲ್ಲಿಗೇ ಬಂದು ಕೂರುವುದು. ಕಂಪನಿಯವರು ಹೇಳಿದ ಗಡುವು ಕಾಯಬೇಡಿ. ಬಿಳಿ ಬಣ್ಣ ಹೋದ ದಿನ ಬದಲಿಸಿ. ಫೆಲ್ಟ್ ಫಿಲ್ಟರ್ ತೊಳೆಯಬೇಡಿ. ಮಿಷನ್ ನೆಲದ ಮೇಲೆ ಬೇಡ, ಸ್ಟೂಲಿನ ಮೇಲಿರಲಿ. ಎರಡನೆಯದು ಇನ್ವರ್ಟರ್. ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಮೋಟಾರು ಗುಂಯ್‌ಗುಟ್ಟಿ ಕಾಯುತ್ತದೆ. ಸೈನ್ ವೇವ್ ಇದ್ದರೆ ಒಳ್ಳೆಯದು. ಮೂರನೆಯದು ಪೈಪು: ಔಷಧಿ ಮುಗಿದ ಮೇಲೆ ಕಪ್ಪು ಬಿಚ್ಚಿ ಬರೀ ಪೈಪಿನಲ್ಲಿ ಒಂದೆರಡು ನಿಮಿಷ ಗಾಳಿ ಬಿಡದಿದ್ದರೆ ಒಳಗೆ ಹನಿ ನಿಲ್ಲುತ್ತದೆ. ನಾಲ್ಕನೆಯದು ಕಪ್ಪು. ಪಾರದರ್ಶಕ ಅಗ್ಗದ ಕಪ್ಪು ಕುದಿಸಿದರೆ ಸೊಟ್ಟಗಾಗಿ ಮುಚ್ಚಳ ಕೂರುವುದಿಲ್ಲ. ಕುದಿಸಬಹುದು ಎಂದು ಬರೆದಿರುವುದನ್ನೇ ಕೇಳಿ, ಒಂದಲ್ಲ ಎರಡು ಕೊಳ್ಳಿ. ಒಂದು ಒಣಗುತ್ತಿರುವಾಗ ಇನ್ನೊಂದು ಕೆಲಸಕ್ಕೆ. 12 ನಿಮಿಷಕ್ಕೆ ಮುಗಿಯುತ್ತಿದ್ದದ್ದು 20 ತೆಗೆದುಕೊಳ್ಳತೊಡಗಿದರೆ ಕಪ್ಪಿನ ರಂಧ್ರ ಇಲ್ಲವೇ ಫಿಲ್ಟರ್ ಕಟ್ಟಿದೆ ಅಂತಲೇ ಅರ್ಥ.

ಮಾಸ್ಕಿಗಿಂತ ಬಾಯಿಗಿಡುವ ಮೌತ್‌ಪೀಸ್ ಮೇಲು. ಮಾಸ್ಕಿನಲ್ಲಿ ಔಷಧಿ ಮುಖಕ್ಕೂ ಮೂಗಿಗೂ ಹೋಗಿ ವ್ಯರ್ಥವಾಗುತ್ತದೆ.

ಶೇ 3 ಅಥವಾ ಶೇ 7

ಉಪ್ಪುನೀರು ಕಫದೊಳಕ್ಕೆ ನೀರು ಎಳೆದು ಅದನ್ನು ಸಡಿಲ ಮಾಡುತ್ತದೆ. ಗಾಢವಾದಷ್ಟೂ ಎಳೆತ ಹೆಚ್ಚು, ಹಾಗೆಯೇ ಕೆಮ್ಮು, ಎದೆ ಬಿಗಿತವೂ ಹೆಚ್ಚು. ಶೇ 3ರದ್ದು ಮಕ್ಕಳ ವಾರ್ಡಿಗೂ ಬೇಕಾಗುವುದರಿಂದ ಸುಲಭವಾಗಿ ಸಿಗುತ್ತದೆ. ಶೇ 7ರದ್ದನ್ನು ಮೊದಲೇ ಹೇಳಿ ತರಿಸಬೇಕಾಗಬಹುದು. ಕಫ ಅಂಟಂಟಾಗಿ ಗೋಂದಿನಂತೆ ಇದ್ದವರಿಗೆ ಶೇ 7 ಹೆಚ್ಚು ಕೆಲಸ ಮಾಡಬಹುದು. ದಮ್ಮು, ಸುಯ್ಯೆನ್ನುವ ಸದ್ದು ಇದ್ದವರು ಶೇ 3ರಲ್ಲೇ ಶುರು ಮಾಡುವುದು ಜಾಣತನ. ಯಾವುದೇ ಆಗಲಿ, 10ರಿಂದ 15 ನಿಮಿಷ ಮೊದಲು ಸಾಲ್ಬುಟಮಾಲ್, ಆಮೇಲೆ 4 ಮಿ.ಲೀ. ಉಪ್ಪುನೀರು. ಮೊದಲ ಡೋಸ್ ಆಸ್ಪತ್ರೆಯಲ್ಲೇ ಆಗಲಿ, ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಊದಿಸಿ ಉಸಿರಿನ ಬಲ ಅಳೆಯುವ ಸ್ಪೈರೋಮೆಟ್ರಿ ಮಾಡಿಸಿ. ಮೊದಲ ಡೋಸ್‌ಗೇ ನಾಳ ಬಿಗಿದುಕೊಳ್ಳುವವರಿದ್ದಾರೆ.

ಅಡುಗೆ ಉಪ್ಪು ಕರಗಿಸಿ ಮನೆಯಲ್ಲಿ ಮಾಡಿಕೊಳ್ಳುವುದು, ಡ್ರಿಪ್ ಬಾಟಲಿ ಚುಚ್ಚಿ ವಾರಗಟ್ಟಲೆ ಅದರಿಂದಲೇ ತೆಗೆಯುವುದು, ಎರಡೂ ಬೇಡ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಕೂಡ ಬೇಡ. ಅದರಲ್ಲಿ ಲವಣವಿಲ್ಲ, ಆದರೆ ಅದು ಕ್ರಿಮಿರಹಿತವೂ ಅಲ್ಲ.

ಕುದಿಸುವುದು, ಹಬೆ, ರಾಸಾಯನಿಕ

ಪ್ರತಿ ಸಲ ಬಳಸಿದ ಕೂಡಲೇ ಬಿಚ್ಚಿ ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆಯುವುದು ಎಲ್ಲಕ್ಕೂ ಮೊದಲು. ಔಷಧಿ ಒಣಗಿ ಅಂಟಿದ ಮೇಲೆ ಎಷ್ಟು ಕುದಿಸಿದರೂ ಆ ಪದರದ ಕೆಳಗಿನ ಹುಳು ಉಳಿಯಬಹುದು.

ಆಮೇಲೆ ಕುದಿಸುವುದು: ಭಾಗಗಳು ಮುಳುಗುವಷ್ಟು ನೀರಿನಲ್ಲಿ, ಕುದಿ ಬಂದ ಮೇಲೆ 5 ನಿಮಿಷ. ಖರ್ಚಿಲ್ಲ, ಗ್ಯಾಸ್ ಇದ್ದರೆ ಸಾಕು. ದೋಷ ಒಂದೇ: ಬೋರ್ ನೀರಾದರೆ ಗಸಿ ಕಟ್ಟುತ್ತದೆ. ಆರ್‌ಓ ನೀರನ್ನು ಕುದಿಸಲು ಬಳಸಿದರೆ ಆ ತೊಂದರೆ ಇಲ್ಲ. ಮಗುವಿನ ಹಾಲಿನ ಬಾಟಲಿಗೆ ಬರುವ ಎಲೆಕ್ಟ್ರಿಕ್ ಸ್ಟೀಮ್ ಸ್ಟೆರಿಲೈಜರ್ ಇನ್ನೂ ಸಲೀಸು, ತಾನೇ ಆಫ್ ಆಗುತ್ತದೆ, ಪಾತ್ರೆ ತಳ ಹತ್ತಿ ಕಪ್ಪು ಕರಗುವ ಭಯವಿಲ್ಲ. ಕರೆಂಟ್ ಬೇಕು ಅಷ್ಟೆ. ಶೇ 70ರ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ 5 ನಿಮಿಷ ಅಥವಾ ಶೇ 3ರ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ 30 ನಿಮಿಷ ನೆನೆಸುವುದೂ ನಡೆಯುತ್ತದೆ, ಆದರೆ ಆಮೇಲೆ ಕ್ರಿಮಿರಹಿತ ನೀರಿನಲ್ಲೇ ಜಾಲಿಸಬೇಕು. ನಲ್ಲಿ ನೀರಿನಲ್ಲಿ ಜಾಲಿಸಿದರೆ ಮಾಡಿದ್ದೆಲ್ಲ ನೀರುಪಾಲು. ವಿನೆಗರ್‌ಗೆ ಈ ಹುಳುವಿನ ಮುಂದೆ ಭರವಸೆ ಇಲ್ಲ.

ಕೊನೆಗೆ ನೀರು ಝಾಡಿಸಿ, ಶುದ್ಧ ಬಟ್ಟೆಯ ಮೇಲೆ ಹರಡಿ, ಪೂರ್ತಿ ಒಣಗಿಸಿ. ನಮ್ಮ ಬೇಸಿಗೆಯ ಒಂದು ಉಪಕಾರ ಇದು, ಬೇಗ ಒಣಗುತ್ತದೆ. ಮಳೆಗಾಲದಲ್ಲೇ ಎರಡನೇ ಕಪ್ಪಿನ ಬೆಲೆ ತಿಳಿಯುವುದು.

ಕಫ ತೆಗೆಯುವ ಸಾಧನಗಳು

ಅಕಾಪೆಲ್ಲಾದಂಥ ನಡುಕದ ಸಾಧನ, ಅಂದರೆ ಊದಿದಾಗ ಉಸಿರನ್ನು ನಡುಗಿಸಿ ಕಫ ಸಡಿಲಿಸುವಂಥದ್ದು, ಯಾವ ಭಂಗಿಯಲ್ಲೂ ಕೆಲಸ ಮಾಡುತ್ತದೆ. ಫ್ಲಟರ್‌ನಲ್ಲಿ ಉಕ್ಕಿನ ಗುಂಡು ಇರುವುದರಿಂದ ಹಿಡಿಯುವ ಕೋನ ತಪ್ಪಿದರೆ ನಡುಕ ನಿಲ್ಲುತ್ತದೆ. ಅಕಾಪೆಲ್ಲಾದಲ್ಲಿ ಹಸಿರು ಬಣ್ಣದ್ದು ನಿಮಿಷಕ್ಕೆ 15 ಲೀಟರ್‌ಗಿಂತ ಜೋರಾಗಿ ಉಸಿರು ಬಿಡಬಲ್ಲವರಿಗೆ, ನೀಲಿ ಅದಕ್ಕಿಂತ ಕಡಿಮೆಯವರಿಗೆ. ಬಡವರ ಸಾಧನ ನೀರಿನ ಬಾಟಲಿ, ಪೈಪಿನಿಂದ ನೀರಿನೊಳಗೆ ಗುಳ್ಳೆ ಬರುವಂತೆ ಊದುವುದು: 10 ಸೆಂ.ಮೀ. ನೀರು, ಒಳವ್ಯಾಸ ಸುಮಾರು 1 ಸೆಂ.ಮೀ. ಇರುವ ಪೈಪು, ಬಾಟಲಿ ಬಾಯಿ ತೆರೆದೇ ಇರಬೇಕು. ಜ್ಯೂಸ್ ಸ್ಟ್ರಾ ಬಳಸಿದರೆ ಒತ್ತಡ ಅತಿಯಾಗುತ್ತದೆ. ಪರಿಣಾಮ ಚೆನ್ನಾಗಿದೆ, ಆದರೆ ಪ್ರತಿ ಸಲ ನೀರು ಚೆಲ್ಲಿ, ಬಾಟಲಿ, ಪೈಪು ತೊಳೆದು ಒಣಗಿಸದಿದ್ದರೆ ಸ್ಯೂಡೋಮೊನಾಸ್ ಸಾಕಿದ ಹಾಗೆ. ದಿನಾ ಅಷ್ಟು ಮಾಡುವವರು ಕಡಿಮೆ.

ಏನೂ ಕೊಳ್ಳದೆ ಆಗುವುದು ಉಸಿರಿನ ಸರಣಿ: ಸ್ವಲ್ಪ ಹೊತ್ತು ಮೆಲ್ಲನೆ ಉಸಿರು, ಆಮೇಲೆ ಮೂರ್ನಾಲ್ಕು ಆಳ ಉಸಿರು, ಪ್ರತಿ ಸಲ ಒಳಗೆ ಎರಡು ಮೂರು ಸೆಕೆಂಡ್ ಹಿಡಿದು, ಆಮೇಲೆ ಬಾಯಿ ತೆರೆದು ಕನ್ನಡಿಗೆ ಹಬೆ ಹಿಡಿಸುವಂತೆ ‘ಹಾ’ ಎಂದು ಒಂದೆರಡು ಸಲ. ಹೀಗೆ 10ರಿಂದ 20 ನಿಮಿಷ. ಇದನ್ನು ಕಲಿಯದೆ ಸಾಧನ ಕೊಂಡವರ ದುಡ್ಡು ಮುಕ್ಕಾಲು ದಂಡ. ಕಫದಲ್ಲಿ ರಕ್ತ ಬಂದ ದಿನ ಉಪ್ಪುನೀರು, ಸಾಧನ ಎರಡನ್ನೂ ನಿಲ್ಲಿಸಿ ವೈದ್ಯರಿಗೆ ಹೇಳಿ; ರಕ್ತ ಜಾಸ್ತಿ ಇದ್ದರೆ ನೇರ ಆಸ್ಪತ್ರೆ.

ಕೊಲಿಸ್ಟಿನ್, ಟೊಬ್ರಾಮೈಸಿನ್

ಎರಡೂ ನೆಬುಲೈಜರ್‌ನಲ್ಲಿ ಎಳೆದುಕೊಳ್ಳುವ ಆಂಟಿಬಯೋಟಿಕ್‌ಗಳು. ಯಾವುದು ಎಂದು ಕಲ್ಚರ್ (ಕಫದ ಹುಳುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ನೋಡಿ ವೈದ್ಯರೇ ನಿರ್ಧರಿಸುವುದು. ಮನೆಯಲ್ಲಿ ಕಾಣುವ ವ್ಯತ್ಯಾಸ ಇಷ್ಟು. ಟೊಬ್ರಾಮೈಸಿನ್ ತಯಾರಾದ ದ್ರವ, 5 ಮಿ.ಲೀ.ನಲ್ಲಿ 300 ಮಿ.ಗ್ರಾಂ., ದಿನಕ್ಕೆ ಎರಡು ಸಲ, ಸಾಮಾನ್ಯವಾಗಿ 28 ದಿನ ತೆಗೆದುಕೊಂಡು 28 ದಿನ ಬಿಡುವುದು. ಫ್ರಿಜ್ ಬೇಕೇ ಬೇಕು: ಹೊರಗೆ ಇಡಬಹುದು ಎಂದು ಬರೆದಿರುವುದು 25 ಡಿಗ್ರಿಯವರೆಗಿನ ಮಾತು, ರಾಯಚೂರಿನ ಏಪ್ರಿಲ್‌ಗಲ್ಲ. ಕಿವಿಯಲ್ಲಿ ಗುಂಯ್ ಎಂದರೆ ತಕ್ಷಣ ತಿಳಿಸಬೇಕು. ಕೊಲಿಸ್ಟಿನ್ ಪುಡಿಯ ರೂಪದಲ್ಲಿ ಬರುತ್ತದೆ, ಪ್ರತಿ ಸಲ ಆಗಲೇ ಕರಗಿಸಿ ಆಗಲೇ ಬಳಸಬೇಕು. ಸೀಸೆ ಕುಲುಕಿದರೆ ನೊರೆ ಬರುತ್ತದೆ. ಅಂಗೈಯಲ್ಲಿ ಮೆಲ್ಲಗೆ ಉರುಳಿಸಿ. ಫ್ರಿಜ್ ಇಲ್ಲದ ಮನೆಗೆ ಕೊಲಿಸ್ಟಿನ್ ಅನುಕೂಲ, ಅವಸರದ ಮುಂಜಾನೆಗೆ ಟೊಬ್ರಾಮೈಸಿನ್. ಎರಡನ್ನೂ ಕಫ ತೆಗೆದ ಮೇಲೆಯೇ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಔಷಧಿ ಕಫದ ಮೇಲೇ ನಿಲ್ಲುತ್ತದೆ. ಹೊರಬಿಟ್ಟ ಹಬೆ ಮನೆಯವರಿಗೆ ತಾಗದಂತೆ ಕಿಟಕಿ ತೆರೆದು ಕೂರಿ; ಅದಿರಿನ ಲಾರಿ ಓಡಾಟ ಶುರುವಾಗುವ ಮೊದಲೇ ಮುಗಿಸಿದರೆ ಧೂಳೂ ತಪ್ಪುತ್ತದೆ.

ಕಫ ಹೆಚ್ಚಾದಾಗ ಅಂಗಡಿಯಿಂದ ಮೂರು ದಿನದ ಸಿಪ್ರೊಫ್ಲಾಕ್ಸಸಿನ್ ತಂದು ನುಂಗುವ ಚಾಳಿ ಬಿಡಬೇಕು. ಸ್ಯೂಡೋಮೊನಾಸ್‌ಗೆ ಸಾಮಾನ್ಯವಾಗಿ 14 ದಿನ ಬೇಕು. ಅರೆಬರೆ ಕೋರ್ಸು ಇರುವ ಒಂದೇ ಮಾತ್ರೆಯ ಗುಂಪನ್ನೂ ಕೈಬಿಟ್ಟಂತೆ. ಈ ಗುಂಪಿನ ಮಾತ್ರೆ ಟಿಬಿಯನ್ನೂ ಅರ್ಧ ಮುಚ್ಚಿಡುತ್ತದೆ. ಕಫ ಮೊದಲು ಕೊಡಿ, ಮಾತ್ರೆ ಆಮೇಲೆ: ಬೆಳಗಿನ ಮೊದಲ ಕಫ, ಅಗಲ ಬಾಯಿಯ ಕ್ರಿಮಿರಹಿತ ಡಬ್ಬಿಯಲ್ಲಿ, ಎರಡು ಗಂಟೆಯೊಳಗೆ ಲ್ಯಾಬಿಗೆ, ದೂರದ ಊರಾದರೆ ಐಸ್ ಪ್ಯಾಕ್ ಜೊತೆಗೆ. ಕಫದಲ್ಲಿ ಎಎಫ್‌ಬಿ (ಟಿಬಿ ಜಾತಿಯ ಬ್ಯಾಕ್ಟೀರಿಯಾ) ಕಂಡು, ಟಿಬಿಯ ಜೀನ್ ಪರೀಕ್ಷೆಯಾದ ಸಿಬಿನ್ಯಾಟ್‌ನಲ್ಲಿ ಟಿಬಿ ಸಿಗದಿದ್ದರೆ, ಟಿಬಿಯ ಸೋದರ ಬ್ಯಾಕ್ಟೀರಿಯಾ ಎನ್‌ಟಿಎಂ ಇರಬಹುದೇ ಎಂದು ಕೇಳಿ, ಮೈಕೋಬ್ಯಾಕ್ಟೀರಿಯಾದ ಕಲ್ಚರ್ ಮಾಡಿಸಿ. ಅದು ಇಲ್ಲ ಎಂದು ತಿಳಿಯುವ ತನಕ ಕಾಯಿಲೆ ಪದೇ ಪದೇ ಉಲ್ಬಣಿಸದಂತೆ ಕೊಡುವ ದಿನನಿತ್ಯದ ಅಜಿಥ್ರೊಮೈಸಿನ್ ಶುರು ಮಾಡಬಾರದು, ಏಕೆಂದರೆ ಎನ್‌ಟಿಎಂ ಚಿಕಿತ್ಸೆಯ ಮುಖ್ಯ ಔಷಧಿಯೇ ಅದು. ಒಂಟಿಯಾಗಿ ಕೊಟ್ಟರೆ ಹುಳು ಅದಕ್ಕೂ ಬಗ್ಗದಂತಾಗುತ್ತದೆ.