ಸೀರಿಯಲ್ ಕೇಬಲ್ ಸಿಕ್ಕಿಸುವ ಮುಂಚೆ ಗೋಡೆಯ ಸಾಕೆಟ್ ಬಿಚ್ಚಿಸಿ ನೋಡಿ

ಹಳೇ ಮಾದರಿಯ ಕಂಪ್ಯೂಟರ್ ಒಂದನ್ನು ಮನೆಯಲ್ಲೇ ಕಟ್ಟಿ, ಸೀರಿಯಲ್ ಕೇಬಲ್ (ಡೇಟಾವನ್ನು ಒಂದೊಂದೇ ಬಿಟ್ ಆಗಿ ಸಾಲಾಗಿ ಕಳಿಸುವ ಕೇಬಲ್) ಮೂಲಕ ನೆಟ್‌ವರ್ಕ್‌ಗೆ ಸೇರಿಸುವ ಹುಚ್ಚು ನಿಮಗೂ ಇದೆಯಾ? ಹಾಗಿದ್ದರೆ ಬಾಡ್ ರೇಟ್ (ಡೇಟಾ ಓಡುವ ವೇಗ), ಪ್ಯಾರಿಟಿ (ತಪ್ಪು ಹಿಡಿಯುವ ಬಿಟ್) ಎಲ್ಲ ಆಮೇಲೆ ನೋಡಿಕೊಳ್ಳಿ. ನಿಮ್ಮ ಪಿಸಿಯ ತ್ರೀ-ಪಿನ್ ಸಾಕೆಟ್‌ನಲ್ಲಿ ಅರ್ತ್ ವೈರ್ ಇದೆಯಾ, ಇದ್ದರೆ ಅದು ಎಲ್ಲಿಗೆ ಹೋಗಿದೆ ಅಂತ ಮೊದಲು ನೋಡಿಸಿ. ಬಳ್ಳಾರಿಯ ಒಂದು ಬಾಡಿಗೆ ಮನೆಯಲ್ಲಿ ನಮಗೆ ಆದದ್ದನ್ನು ಅದಕ್ಕೇ ಬರೆಯುತ್ತಿದ್ದೇನೆ.

ಮಷಿನ್ ನನ್ನ ಗೆಳೆಯನದು. ಪಾಲಿಟೆಕ್ನಿಕ್‌ನಲ್ಲಿ ಜೊತೆಗೆ ಓದಿದವನು. ಝಡ್80 ಅನ್ನುವ ಎಂಟು ಬಿಟ್ಟಿನ ಹಳೇ ಪ್ರೊಸೆಸರ್, ಒಂದು ಸೀರಿಯಲ್ ಚಿಪ್, 7.3728 ಮೆಗಾಹರ್ಟ್ಸ್ ಕ್ರಿಸ್ಟಲ್, ಅಂದರೆ ಸೆಕೆಂಡಿಗೆ 73,72,800 ಸಲ ಮಿಡಿಯುವ ಗಡಿಯಾರ. ಇದೇನು ವಿಚಿತ್ರ ಸಂಖ್ಯೆ ಅನ್ನಿಸಬಹುದು. 64ರಿಂದ ಭಾಗಿಸಿ ನೋಡಿ, ಸರಿಯಾಗಿ 115200 ಬರುತ್ತದೆ. ಸೀರಿಯಲ್‌ಗೆ ಬೇಕಾದ ವೇಗ ಅದೇ, ಸೆಕೆಂಡಿಗೆ ಅಷ್ಟು ಬಿಟ್. ಇಂಥ ಮಷಿನ್‌ಗೆ ಈಥರ್ನೆಟ್ ಕಾರ್ಡ್ ಕಟ್ಟುವುದು ದೊಡ್ಡ ತಲೆನೋವು. ಅದಕ್ಕೇ ಲಿನಕ್ಸ್ ಹಾಕಿದ ಹಳೇ ಪಿಸಿಯನ್ನು ನಡುವೆ ಇಟ್ಟು, ಸ್ಲಿಪ್ ಮೂಲಕ ದಾಟಿಸುವ ಯೋಚನೆ ಮಾಡಿದ್ದ. ಸ್ಲಿಪ್ ಅಂದರೆ 1988ರ ಆರ್‌ಎಫ್‌ಸಿ 1055 ಎಂಬ ಇಂಟರ್ನೆಟ್ ದಾಖಲೆಯಲ್ಲಿ ಬರೆದಿಟ್ಟ, ಸೀರಿಯಲ್ ತಂತಿಯಲ್ಲಿ ನೆಟ್‌ವರ್ಕ್ ಪ್ಯಾಕೆಟ್ ಕಳಿಸುವ ತೀರಾ ಸರಳ ಪದ್ಧತಿ. ಪ್ಯಾಕೆಟ್ ಮುಗಿದಾಗ 192 ಅನ್ನುವ ಬೈಟ್ ಕಳಿಸಬೇಕು. ಡೇಟಾದಲ್ಲೇ 192 ಬಂದರೆ ಅದರ ಬದಲು 219, 220 ಅಂತ ಎರಡು ಬೈಟ್. ಡೇಟಾದಲ್ಲಿ 219 ಬಂದರೆ 219, 221. ಅಷ್ಟೇ. ಅಸೆಂಬ್ಲಿ ಭಾಷೆಯಲ್ಲಿ ಅದನ್ನು ಬರೆದು ಮುಗಿಸಿದ್ದ, ಪಿಸಿಯಿಂದ ಪಿಂಗ್ ಮಾಡಿದರೆ (ಇದ್ದೀಯಾ ಅಂತ ಕೇಳುವ ಪ್ಯಾಕೆಟ್ ಕಳಿಸಿದರೆ) ಉತ್ತರವೂ ಬರುತ್ತಿತ್ತು. ಎಂಟು ಬಿಟ್ಟಿನ ಮಷಿನ್ ಪಿಂಗ್‌ಗೆ ಉತ್ತರ ಕೊಡುವುದನ್ನು ನೋಡುವ ಖುಷಿಯೇ ಬೇರೆ ಬಿಡಿ.

ಈಗ ಮನೆಯ ವಿಷಯ. ಮುಂದಿನ ರೂಮಿನ ವೈರಿಂಗ್ ಹಳೆಯದು, ಆದರೆ ಸರಿಯಾದದ್ದು. ಅಂಗಳದಲ್ಲಿ ಗುಂಡಿ ತೋಡಿ, ಪೈಪ್ ಇಳಿಸಿ, ಇದ್ದಿಲು ಉಪ್ಪು ತುಂಬಿ ಅರ್ತ್ ಮಾಡಿದ್ದಾರೆ. ಹಿಂದಿನ ರೂಮು ಆಮೇಲೆ ಕಟ್ಟಿದ್ದು, ಅದರ ವೈರಿಂಗ್ ಮಾಡಿದ್ದು ಬೇರೆ ಮನುಷ್ಯ. ಪಿಸಿ ಇದ್ದದ್ದು ಹಿಂದಿನ ರೂಮಿನಲ್ಲಿ. ಅಲ್ಲಿ ಸಾಕೆಟ್ ಒಂದೇ. ಹಾಗಾಗಿ ಝಡ್80ಗೆ ಕರೆಂಟ್ ಕೊಡುವ ಬೆಂಚ್ ಸಪ್ಲೈಗೆ ಮುಂದಿನ ರೂಮಿನಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದಿದ್ದೆವು.

ಬಿಸಿಲುಗಾಲದ ಸಂಜೆ, ಕೂಲರ್ ಓಡುತ್ತಿತ್ತು. ಓನರ್ ಅಕ್ಕ ಸಂಪಿನ ಮೋಟರ್ ಸ್ವಿಚ್ ಹಾಕಿದರು. ಫ್ಯಾನ್ ಒಮ್ಮೆ ಸೊರಗಿತು. ಕೂಲರ್ ಸದ್ದು ಇಳಿಯಿತು, ಆದರೆ ನಿಲ್ಲಲಿಲ್ಲ. ಪಿಸಿ ಆಫ್ ಆಯಿತು. ಅಷ್ಟರಲ್ಲಿ ಪ್ಲಾಸ್ಟಿಕ್ ಸುಟ್ಟ ವಾಸನೆ. ನೋಡಿದರೆ ಸೀರಿಯಲ್ ಕೇಬಲ್‌ನ ಬೂದು ಕವಚ ಪ್ಲಗ್ಗಿನ ಹತ್ತಿರ ಮೆತ್ತಗಾಗಿ ಉಬ್ಬಿದೆ, ಸೀರಿಯಲ್ ಕೇಬಲ್ಲಿಗೆ ತಕ್ಕ ವೋಲ್ಟೇಜ್ ಮಾಡಿಕೊಡುವ ಮ್ಯಾಕ್ಸ್232 ಚಿಪ್ ನೆತ್ತಿ ಸೀಳಿ ಒಳಗಿನ ಕಪ್ಪು ಕಾಣುತ್ತಿದೆ. ಗೆಳೆಯ ಕೇಬಲ್ ಕೀಳೋಕೆ ಕೈ ಚಾಚಿದ. ಪಿಸಿಯ ಡಬ್ಬಕ್ಕೆ ಮೊಣಕೈ ತಾಗಿತು, ಕುರ್ಚಿ ಸಮೇತ ಹಿಂದಕ್ಕೆ ಬಿದ್ದ. "ಮುಟ್ಟಬ್ಯಾಡಲೇ!" ಅಂತ ಕೂಗುತ್ತಾ ನಾನು ಮೇನ್ ಆಫ್ ಮಾಡಲು ಓಡಿದೆ.

ಮರುದಿನ ಲೈಸೆನ್ಸ್ ಇರುವ ವೈರ್‌ಮನ್ ಒಬ್ಬರನ್ನು ಕರೆಸಿದೆವು. ಹಿಂದಿನ ರೂಮಿನ ಸಾಕೆಟ್ ಬಿಚ್ಚಿದಾಗ ಎಲ್ಲ ಗೊತ್ತಾಯಿತು. ಅರ್ತ್ ಪಿನ್ನಿನಿಂದ ಪಕ್ಕದ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ) ಪಿನ್ನಿಗೆ ಬೆರಳುದ್ದದ ಕೆಂಪು ವೈರಿನ ತುಂಡು! ಗುಂಡಿಯಿಂದ ಬರಬೇಕಾದ ಅರ್ತ್ ವೈರ್ ಆ ರೂಮಿಗೆ ಬಂದೇ ಇಲ್ಲ. ಮೀಟರ್ ಬೋರ್ಡಿನಲ್ಲಿ ನ್ಯೂಟ್ರಲ್ ಸ್ಕ್ರೂ ಮೊದಲೇ ಸಡಿಲ ಇತ್ತು. ಮೋಟರ್ ಎಳೆದ ಕರೆಂಟಿಗೆ ಅದು ಸುಟ್ಟು ಬಿಟ್ಟುಹೋಗಿದೆ.

ನ್ಯೂಟ್ರಲ್ ಕಡಿದರೆ ಎಲ್ಲ ನಿಲ್ಲಬೇಕಲ್ವಾ? ಇಲ್ಲಿ ನಿಲ್ಲಲಿಲ್ಲ. ಫೇಸ್, ಅಂದರೆ ಕರೆಂಟ್ ತರುವ ತಂತಿಯ ಕರೆಂಟ್, ಮೋಟರ್ ಮತ್ತು ಕೂಲರ್ ಹಾದು ಮನೆಯ ನ್ಯೂಟ್ರಲ್ ವೈರಿಗೆ ಬಂತು. ಅಲ್ಲಿಂದ ಆ ಕೆಂಪು ತುಂಡಿನ ಮೂಲಕ ಪಿಸಿಯ ಡಬ್ಬಕ್ಕೆ. ಸೀರಿಯಲ್ ಪೋರ್ಟಿನ 5ನೇ ಪಿನ್, ಅಂದರೆ ಗ್ರೌಂಡ್, ಪಿಸಿಯ ಡಬ್ಬಕ್ಕೇ ಸೇರಿರುತ್ತದೆ. ಕೇಬಲ್‌ನ ಇನ್ನೊಂದು ತುದಿ ಝಡ್80 ಬೋರ್ಡಿನ ಗ್ರೌಂಡ್. ಅದು ಬೆಂಚ್ ಸಪ್ಲೈನ ಮೈನಸ್. ಆ ಸಪ್ಲೈನಲ್ಲಿ ಮೈನಸ್‌ಗೂ ಅರ್ತ್‌ಗೂ ಲೋಹದ ಪಟ್ಟಿ ಹಾಕಿತ್ತು. ಅದರ ಅರ್ತ್ ಮುಂದಿನ ರೂಮಿನ ಅಸಲಿ ಗುಂಡಿಗೆ ಹೋಗಿತ್ತು. ಹೀಗೆ ಇಡೀ ಮನೆಯ ಮೋಟರ್, ಕೂಲರ್‌ಗಳಿಗೆ ಆ ಹೊತ್ತು ನ್ಯೂಟ್ರಲ್ ಆಗಿ ದುಡಿದಿದ್ದು ಕೂದಲಿನಂಥ ತಂತಿಗಳ ನಮ್ಮ ಸೀರಿಯಲ್ ಕೇಬಲ್. ಇಂಥ ಕೇಬಲ್ಲಿನ ಮಾನದಂಡವಾದ ಆರ್‌ಎಸ್-232ರಲ್ಲಿ ಸಿಗ್ನಲ್ ಸಾಮಾನ್ಯವಾಗಿ 15 ವೋಲ್ಟ್ ದಾಟುವುದಿಲ್ಲ. ಅದರ ಮೈಮೇಲೆ ಬಂದದ್ದು ಮನೆಯ 230 ವೋಲ್ಟ್ ಸಪ್ಲೈ.

ವೈರಿಂಗ್ ಮಾಡಿದವನನ್ನು ಓನರ್ ಕರೆಸಿ ಕೇಳಿದರು. "ಎಲ್ಲಾರ ಮನ್ಯಾಗೂ ಹಿಂಗಾ ಐತ್ರಿ ಸಾರ್, ಏನಾಗಂಗಿಲ್ಲ" ಅಂದ. ಒಬ್ಬ ಸಾಯುವುದು ಸ್ವಲ್ಪದರಲ್ಲಿ ತಪ್ಪಿದೆ, ಈತನಿಗೆ ಏನೂ ಆಗಿಲ್ಲವಂತೆ. ಇಲ್ಲಿ ಕಲ್ಲು ನೆಲ, ಗುಂಡಿ ತೋಡುವುದು ಕಷ್ಟ, ಖರ್ಚು ಅನ್ನುವುದು ನಿಜ. ಅದಕ್ಕೆ ನ್ಯೂಟ್ರಲ್‌ಗೆ ತುಂಡು ಹಾಕಿ ಮುಗಿಸುವುದು ಕಳ್ಳದಾರಿ.

ಮೋಸ ಏನಂದರೆ ಮಾಮೂಲಿ ಪರೀಕ್ಷೆಯಲ್ಲಿ ಇದು ಸಿಕ್ಕಿಬೀಳುವುದಿಲ್ಲ. ಫೇಸ್‌ಗೂ ಅರ್ತ್‌ಗೂ ಟೆಸ್ಟ್ ಲ್ಯಾಂಪ್ ಹಿಡಿದರೆ ಬಲ್ಬ್ ಜಗ್ಗನೆ ಉರಿಯುತ್ತದೆ. ಅರ್ತ್ ಚೆನ್ನಾಗಿದೆ ಅಂದುಕೊಳ್ಳುತ್ತೀರಿ. ಮನೆಯಲ್ಲಿ 30 ಮಿಲಿ ಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇದ್ದರೆ ಗುಟ್ಟು ಬಯಲಾಗುತ್ತದೆ. ಅಸಲಿ ಅರ್ತ್ ಆಗಿದ್ದರೆ ಬಲ್ಬ್ ಹಿಡಿದ ಕೂಡಲೇ ಅದು ಟ್ರಿಪ್ ಆಗಬೇಕು. ಟ್ರಿಪ್ ಆಗದೆ ಬಲ್ಬ್ ಆರಾಮಾಗಿ ಉರಿಯುತ್ತಿದ್ದರೆ ಕರೆಂಟ್ ನ್ಯೂಟ್ರಲ್‌ನಲ್ಲೇ ವಾಪಸ್ ಹೋಗುತ್ತಿದೆ ಅಂತ ಅನುಮಾನ ಪಡಿ. ಈ ಪರೀಕ್ಷೆ ನೀವೇ ಮಾಡಬೇಡಿ, ಬಲ್ಲವರಿಂದ ಮಾಡಿಸಿ. ಅವರು ಮೇನ್ ಆಫ್ ಮಾಡಿ ಸಾಕೆಟ್ ಬಿಚ್ಚಿ ಕಣ್ಣಾರೆ ತೋರಿಸಿದರೆ ಇನ್ನೂ ಒಳ್ಳೆಯದು.

ತುಂಡು ಕಿತ್ತು ಹಾಕಿದರೆ ಮುಗಿಯಿತು ಅಂದುಕೊಂಡರೆ ಅದೂ ತಪ್ಪು. ಅರ್ತ್ ಇಲ್ಲದ ಪಿಸಿಯ ಡಬ್ಬ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದಾಗಿ ಸುಮಾರು 115 ವೋಲ್ಟ್‌ನಲ್ಲಿ ತೇಲುತ್ತಿರುತ್ತದೆ. ಮುಟ್ಟಿದರೆ ಜುಮ್ ಅನ್ನುವುದು ಅದೇ. ಮನುಷ್ಯನಿಗೆ ಸಾಮಾನ್ಯವಾಗಿ ಜುಮ್ ಅಷ್ಟೇ, ಆದರೆ ಕೇಬಲ್ ಸಿಕ್ಕಿಸುವ ಕ್ಷಣದಲ್ಲಿ ಗ್ರೌಂಡಿಗಿಂತ ಮೊದಲು ಸಿಗ್ನಲ್ ಪಿನ್ ತಾಗಿದರೆ ಚಿಪ್ ಸಾಯಲು ಅಷ್ಟು ಸಾಕು. ಹಾಗಾಗಿ ಎರಡೂ ಕಡೆ ಆಫ್ ಮಾಡಿ, ಪ್ಲಗ್ ಕಿತ್ತು, ಆಮೇಲೆ ಕೇಬಲ್ ಸಿಕ್ಕಿಸಿ.

ಇದಕ್ಕಿಂತ ನೆಮ್ಮದಿಯ ದಾರಿ ತಂತಿಯೇ ಇಲ್ಲದ್ದು. ಈಎಸ್‌ಪಿ8266 ವೈಫೈ ಮಾಡ್ಯೂಲನ್ನು ಸೀರಿಯಲ್‌ಗೆ ಜೋಡಿಸಿ, ಅದಕ್ಕೆ ಕರೆಂಟನ್ನು ಅದೇ ಬೋರ್ಡಿನ ಸಪ್ಲೈನಿಂದ ರೆಗ್ಯುಲೇಟರ್ ಮೂಲಕ ಕೊಟ್ಟರೆ ಪಿಸಿಗೂ ಮಷಿನ್‌ಗೂ ಲೋಹದ ಸಂಬಂಧವೇ ಇರುವುದಿಲ್ಲ. ಅದು 3.3 ವೋಲ್ಟ್‌ನದು. ಬೋರ್ಡಿನಿಂದ ಅದಕ್ಕೆ ಹೋಗುವ 5 ವೋಲ್ಟ್ ಸಿಗ್ನಲ್ ಲೈನನ್ನು ಒಂದು ಕಿಲೋ ಓಮ್, ಎರಡು ಕಿಲೋ ಓಮ್ ರೆಸಿಸ್ಟರ್ ಹಾಕಿ ಇಳಿಸಿ ಕೊಡಿ. ತಂತಿಯೇ ಬೇಕು ಅಂದರೆ ನಡುವೆ ಆಪ್ಟೋಕಪ್ಲರ್ (ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಚಿಪ್) ಹಾಕಿ, ಎರಡು ಬದಿಗೂ ಬೇರೆ ಬೇರೆ ಸಪ್ಲೈ ಕೊಡಿ. ಅಂಗಡಿಯಲ್ಲಿ ಕೇಳಿದರೆ ಪಿಸಿ817 ಕೊಡುತ್ತಾರೆ. ಅದು ಅಗ್ಗ, ಆದರೆ 115200ಕ್ಕೆ ತೀರಾ ನಿಧಾನ. ವೇಗದ 6ಎನ್137 ಅಂತಲೇ ಹೇಳಿ ತೆಗೆದುಕೊಳ್ಳಿ. ಎರಡೂ ಇಲ್ಲ ಅಂದರೆ ಚಾರ್ಜರ್ ಕಿತ್ತ ಲ್ಯಾಪ್‌ಟಾಪ್‌ಗೆ ಬೇರೆ ಯಾವ ಕೇಬಲ್ಲೂ ಹಾಕದೆ, ಬ್ಯಾಟರಿಯ ಮೇಲೆ, ಯುಎಸ್‌ಬಿ ಸೀರಿಯಲ್ ಕೇಬಲ್‌ನಿಂದ ಕೆಲಸ ಮಾಡಿ.

ಮ್ಯಾಕ್ಸ್232, ಸೀರಿಯಲ್ ಚಿಪ್, ಪಿಸಿಯ ಪೋರ್ಟ್ ಹೋದವು. ಝಡ್80 ಬದುಕಿದೆ. ಅದು ಹೋಗಿದ್ದರೆ ಹೊಟ್ಟೆ ಉರಿಯುತ್ತಿತ್ತು, ಯಾಕೆಂದರೆ ಝೈಲಾಗ್ ಕಂಪನಿ ಆ ಚಿಪ್ಪಿಗೆ ಕೊನೇ ಆರ್ಡರ್ ತೆಗೆದುಕೊಂಡಿದ್ದು 2024ರ ಜೂನ್‌ನಲ್ಲಿ. ಈಗ ಅಗ್ಗಕ್ಕೆ ಸಿಗುವವುಗಳಲ್ಲಿ ಹಳೇ ಬೋರ್ಡಿನಿಂದ ಕಿತ್ತು ಮೇಲೆ ಹೊಸ ಅಕ್ಷರ ಒತ್ತಿದ ಮಾಲೂ ಇರುತ್ತದೆ.

ಹಿಂದಿನ ರೂಮಿಗೆ ಈಗ ಗುಂಡಿಯಿಂದಲೇ ಅರ್ತ್ ವೈರ್ ಎಳೆಸಿ, ಮೀಟರ್ ಪಕ್ಕ ಆರ್‌ಸಿಸಿಬಿ ಹಾಕಿಸಿದ್ದಾರೆ. ಅದೇ ಓಣಿಯಲ್ಲಿ ಇನ್ನೂ ಎಷ್ಟೋ ಮನೆಗಳ ವೈರಿಂಗ್ ಆ ಮನುಷ್ಯನದೇ. ವಾಷಿಂಗ್ ಮಷಿನ್ ಮುಟ್ಟಿದರೆ ಜುಮ್ ಅನ್ನುತ್ತದೆ ಅಂತ ಪಕ್ಕದ ಮನೆಯವರು ಹೇಳಿದ್ದಾರೆ. ಈ ಭಾನುವಾರ ವೈರ್‌ಮನ್ ಬಂದು ಅವರ ಸಾಕೆಟ್ ಬಿಚ್ಚುತ್ತಾರೆ.