ಅಂಗಳಕ್ಕೆ ಕಲ್ಲು ಹಾಸುವವರು ಇದನ್ನೊಮ್ಮೆ ಓದಿ

ಮಳೆಗಾಲದ ಮೊದಲು ಮನೆ ಎದುರು ಕಲ್ಲು ಹಾಸಿಸಬೇಕು ಅಂತ ಉಡುಪಿ, ಬ್ರಹ್ಮಾವರ ಕಡೆಯವರು ಯಾರಾದರೂ ಹೊರಟಿದ್ದರೆ ಸ್ವಲ್ಪ ನಿಲ್ಲಿ. ಕಲ್ಲಿನ ಬಣ್ಣ, ರೇಟು ಎಲ್ಲ ಆಮೇಲೆ. ಕಲ್ಲಿನ ಅಡಿಗೆ ಏನು ಹಾಕುತ್ತಾರೆ, ನೀರಿನ ವಾಟ, ಅಂದರೆ ಇಳಿಜಾರು, ಯಾವ ಕಡೆ ಕೊಡುತ್ತಾರೆ, ಅದನ್ನು ಮೊದಲು ನೋಡಿ. ನಮ್ಮ ಕಂಟ್ರಾಕ್ಟರ್ ಕೈಕೊಟ್ಟದ್ದು ಅಲ್ಲೇ.

ನಮ್ಮದು ಹಳೇ ಹಂಚಿನ ಮನೆ. ಅಂಗಳದ ಸಿಮೆಂಟು ಅಪ್ಪನ ಕಾಲದ್ದು, ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಅದನ್ನು ಪೂರ್ತಿ ಒಡೆದು ತೆಗೆದು, ಜಲ್ಲಿ ಹಾಕಿ ದಿಮ್ಮಸು ಹೊಡೆದು, ಕಾಂಕ್ರೀಟು ಮಾಡಿ, ಮೇಲೆ ಕಲ್ಲು ಅಂತ ಮಾತಾಗಿತ್ತು. ಕೊಟೇಶನ್ನಿನಲ್ಲೂ ಹಾಗೇ ಬರೆದಿತ್ತು. ಒಡೆಯುವುದಕ್ಕೆ, ಸಾಗಿಸುವುದಕ್ಕೆ ಬೇರೆಯೇ ದುಡ್ಡು ಹಾಕಿದ್ದರು. ಕಲ್ಲು ಕಾರ್ಕಳದ ಬೂದು ಶಿಲೆಕಲ್ಲು (ಗ್ರಾನೈಟ್), ಬೆಂಕಿ ಹಾಯಿಸಿ ಮೈ ತರಿ ಮಾಡಿದ್ದು.

ಮನೆಯವರೆಲ್ಲ ಶಿವಮೊಗ್ಗದಲ್ಲಿ ಒಂದು ಮದುವೆ ಮುಗಿಸಿ ಬರುವಷ್ಟರಲ್ಲಿ ಅರ್ಧ ಅಂಗಳ ಆಗಿಹೋಗಿತ್ತು. ಹಳೇ ಸಿಮೆಂಟು ಇದ್ದಲ್ಲೇ ಇದೆ, ಅದರ ಮೇಲೆಯೇ ಕಲ್ಲು. ಅದೂ ಕಾರ್ಕಳದ್ದಲ್ಲ, ಪಾಲಿಶ್ ಮಾಡಿದ ಕರಿ ಕಡಪ. ಕೇಳಿದ್ದಕ್ಕೆ, "ಎಂತ ಆಗುದಿಲ್ಲ ಮಾರ್ರೆ, ಅಡಿ ಗಟ್ಟಿ ಉಂಟು. ಆ ಕಲ್ಲು ಸಿಗ್ಲಿಲ್ಲ, ಇದು ನೋಡ್ಲಿಕ್ಕೂ ಚಂದ" ಅಂದರು. ಜಗಳ ಮಾಡಿದೆವು. ಪತ್ತನಾಜೆ (ಮೇ ಕೊನೆಗೆ ಬರುವ ತುಳುವರ ದಿನ, ಅದರ ಬೆನ್ನಿಗೇ ಮಳೆಗಾಲ) ಹತ್ತಿರ ಬಂತು, ಈಗ ಕಿತ್ತರೆ ಮಳೆಗೆ ಕೆಸರೇ ಗತಿ ಅಂತ ಹೆದರಿಸಿ ಉಳಿದರ್ಧವನ್ನೂ ಮುಗಿಸಿದರು.

ಗಾರೆ, ಕಲ್ಲು ಸೇರಿ ಅಂಗಳ ಮೂರು ಇಂಚು ಮೇಲೆ ಬಂತು. ಸಿಟೌಟಿಗೆ ಇದ್ದ ಒಂದೇ ಮೆಟ್ಟಿಲು ಅರ್ಧ ಹೂತುಹೋಯಿತು. ವಾಟ ಗೇಟಿನ ಕಡೆ ಇರಬೇಕಾದ್ದು ಮನೆ ಕಡೆ. ವರ್ಷಕ್ಕೆ ಹತ್ತಿರಹತ್ತಿರ 4,000 ಮಿ.ಮೀ. ಮಳೆ ಸುರಿಯುವ ಊರು ನಮ್ಮದು. ಜೂನ್ ಹಿಡಿದದ್ದೇ, ಮಾಡಿನಿಂದ ಇಳಿದ ನೀರು ನೇರ ಸಿಟೌಟಿಗೆ ನುಗ್ಗಿತು. ಚಪ್ಪಲಿಗಳು ತೇಲುತ್ತಿದ್ದವು. ಜುಲೈ ಹೊತ್ತಿಗೆ ಪಾಚಿ. ತುಳಸಿಕಟ್ಟೆಗೆ ಹೊರಟ ಅಮ್ಮ ಜಾರಿ ಬಿದ್ದು ಮಣಿಕಟ್ಟು ಮುರಿಯಿತು.

ಪಾಚಿ ತೆಗೆಯಲು ಅಂತ ಕಂಟ್ರಾಕ್ಟರೇ ಒಬ್ಬ ಹುಡುಗನನ್ನು ಕಳಿಸಿದರು. ಅವನ ಕೈಯಲ್ಲಿ ಬಾತ್‌ರೂಮ್ ತೊಳೆಯುವ ಆಸಿಡ್! ಕಡಪ, ಶಹಾಬಾದ್, ಕೋಟಾ ಇವೆಲ್ಲ ಸುಣ್ಣಕಲ್ಲಿನ ಜಾತಿ. ಆಸಿಡ್ ಬಿದ್ದ ಕೂಡಲೇ ಬುಸ್ ಅಂತ ನೊರೆ ಬಂದು ಮೈ ತಿಂದುಹೋಗುತ್ತದೆ. ಗೇಟಿನ ಹತ್ತಿರದ ಕಲ್ಲುಗಳು ಬೂದಿ ಬಳಿದ ಹಾಗೆ ಬಿಳಿಚಿವೆ. ಪಕ್ಕದಲ್ಲೇ ಬಾವಿ ಬೇರೆ, ಅಷ್ಟಕ್ಕೇ ನಿಲ್ಲಿಸಿದೆವು. ಶಿಲೆಕಲ್ಲಿಗೆ ಈ ಕಾಟ ಇಲ್ಲ. ಕಾರ್ಕಳದ ಗೊಮ್ಮಟ 1432ರಿಂದ ಇದೇ ಮಳೆಗೆ ನಿಂತಿದ್ದಾನೆ, ಅಲ್ವಾ?

ಈಗ ಕಾರು ನಿಲ್ಲಿಸುವಲ್ಲಿ ಕಲ್ಲು ಒಡೆಯುತ್ತಿದೆ. ಒಂದನ್ನು ಎಬ್ಬಿಸಿ ನೋಡಿದರೆ ನಾಲ್ಕು ಮೂಲೆಗೆ ನಾಲ್ಕು ಮುದ್ದೆ ಗಾರೆ, ನಡುವೆ ಟೊಳ್ಳು, ಟೊಳ್ಳಿನಲ್ಲಿ ಇರುವೆ ಗೂಡು.

ಹಾಗಾಗಿ, ಅಡಿಯ ಕೆಲಸ ಆಗುವಾಗ ಮನೆಯವರು ಯಾರಾದರೂ ಅಲ್ಲೇ ಇರಿ, ಇಲ್ಲದಿದ್ದರೆ ಆ ದಿನ ಕೆಲಸವೇ ಬೇಡ ಅನ್ನಿ. ವಾಟ ಹತ್ತು ಅಡಿಗೆ ಒಂದೂವರೆ ಇಂಚಾದರೂ ಇರಲಿ, ಮನೆಯಿಂದ ಹೊರಗೆ. ಅಂಗಳ ಒಳಗಿನ ನೆಲಕ್ಕಿಂತ ಆರು ಇಂಚು ಕೆಳಗಿರಬೇಕು. ನಮ್ಮ ಮಳೆಗೆ ಹೊರಗಡೆ ಪಾಲಿಶ್ ಕಲ್ಲು ಬೇಡವೇ ಬೇಡ, ಯಾರು ಎಷ್ಟೇ ಚಂದ ಅಂದರೂ. ಗಾರೆ ಒಣಗಿದ ಮೇಲೆ ಪ್ರತಿ ಕಲ್ಲನ್ನೂ ಕೋಲಿನಲ್ಲಿ ಕುಟ್ಟಿ ನೋಡಿ, ಟೊಳ್ಳು ಸದ್ದು ಬಂದದ್ದನ್ನು ಅಲ್ಲೇ ತೆಗೆಸಿ. ಆಮೇಲೆ ಪಂಪು ಹಾಕಿ ಪೈಪಿನಲ್ಲಿ ಅಂಗಳ ತುಂಬ ನೀರು ಬಿಡಿ. ನೀರು ಹೋಗುವ ದಾರಿ ಕಣ್ಣಿಂದ ಕಂಡ ಮೇಲೆಯೇ ಕೊನೆಯ ಕಂತು ಕೊಡಿ.

ಆ ಮನುಷ್ಯ ಈಗ ಫೋನ್ ಎತ್ತುವುದಿಲ್ಲ. ಸಹಿ ಹಾಕಿದ ಕೊಟೇಶನ್, ಬಿಲ್, ಫೋಟೋ ಎಲ್ಲ ಇಟ್ಟುಕೊಂಡು ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತಿದ್ದೇವೆ. 5 ಲಕ್ಷ ರೂಪಾಯಿವರೆಗಿನ ಕೆಲಸಕ್ಕೆ ಅಲ್ಲಿ ಶುಲ್ಕ ಇಲ್ಲ, ಆದರೆ ಎರಡು ವರ್ಷದೊಳಗೆ ದೂರು ಕೊಡಬೇಕು. ಬಿಲ್ ಬೇಡ ಅಂದರೆ ರೇಟು ಕಡಿಮೆ ಮಾಡುತ್ತೇನೆ ಅನ್ನುವವರ ಹತ್ತಿರ ಕೆಲಸ ಮಾಡಿಸಬೇಡಿ.